ಕಮಲಕ್ಕ ಗುಡಿಸಿದ ಗುಡ್ಡ

ನಮ್ಮ ನೀರ್ಕಲ್ಲಿನ ಕಮಲಕ್ಕನ ಬಗ್ಗೆ ಹೇಳುವುದಾದರೆ ಮೊದಲು ಅವಳ ಪೊರಕೆಯ ಬಗ್ಗೆ ಹೇಳಬೇಕು. ಅಂಗಡಿಯ ಪೊರಕೆ ಅವಳ ಕೈಗೆ ಆಗಿಬರುವುದಿಲ್ಲ. ಬಿದಿರಿನ ಕಡ್ಡಿಗಳನ್ನು ತಾನೇ ಆರಿಸಿ, ತುದಿ ಸಮ ಮಾಡಿ, ಬಳ್ಳಿಯಿಂದ ಬಿಗಿದು ಕಟ್ಟಿಕೊಳ್ಳುತ್ತಾಳೆ. ಬೇಸಿಗೆಯಲ್ಲಿ ಗುಡ್ಡದಲ್ಲಿ ಉದುರುವ ಒಣ ಎಲೆಗೆ ನಮ್ಮ ಕಡೆ ದರಗು ಅನ್ನುತ್ತೇವೆ. ಅದನ್ನು ಗುಡಿಸಿ, ಹೊರೆ ಕಟ್ಟಿ, ಕೊಟ್ಟಿಗೆಗೆ ಹಾಸಲು ಹೊತ್ತು ತರುವ ಕೂಲಿಗೆ ಹಿರೇಕೊಡಿಗೆಯ ಸುತ್ತಮುತ್ತ ಎಲ್ಲರಿಗೂ ಅವಳೇ ಬೇಕು. ಅವಳು ಗುಡಿಸಿ ಹೋದ ನೆಲದಲ್ಲಿ ಅನ್ನ ಹಾಕಿಕೊಂಡು ಉಣ್ಣಬಹುದು. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ. ಮುಂದೆ ಆದ ಅನಾಹುತಕ್ಕೆಲ್ಲ ಈ ಗುಣವೇ ಕಾರಣ.

ನಾನು ರಾಜಶೇಖರ, ಜೀಪು ಬಾಡಿಗೆಗೆ ಓಡಿಸುವವನು. ನಮ್ಮಪ್ಪ ಬಾಳೆಹೊನ್ನೂರಿನ ಕಡೆಯಿಂದ ಬಂದು ಇಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಅಂಗಡಿ ಹೋಯಿತು, ನಾನು ಉಳಿದೆ. ನೀರ್ಕಲ್ಲಿನಲ್ಲಿ ಇರುವುದು ಏಳೇ ಮನೆ. ಏಳಕ್ಕೂ ನೀರು ಬರುವುದು ಬೆನ್ನಿಗಿರುವ ಗುಡ್ಡದ ಅಬ್ಬಿಯಿಂದ, ಅಂದರೆ ಕಲ್ಲಿನಿಂದ ಇಳಿಯುವ ಸಣ್ಣ ಝರಿಯಿಂದ. ಅದಕ್ಕೆ ಮೋಟರೂ ಬೇಡ, ಕರೆಂಟೂ ಬೇಡ. ಮೇಲೆ ಸೆಲೆಗೆ ಕಪ್ಪು ಪೈಪು ಕೊಟ್ಟರೆ ಕೆಳಗೆ ನಲ್ಲಿಯಲ್ಲಿ ನೀರು ತಾನಾಗಿ ಇಳಿಯುತ್ತದೆ. ಲೈನಿನ ಕೊನೆಯ ಮನೆ ನನ್ನದು. ಮೇಲಿನ ಆರು ಮನೆಯವರು ಕೊಡ ತುಂಬಿಸಿ, ದನ ತೊಳೆದು, ಹಿತ್ತಿಲಿಗೂ ಬಿಟ್ಟು ಮಿಕ್ಕಿದ್ದು ನನಗೆ. ಹಾಗಾಗಿ ನೀರಿನ ವಿಷಯ ಬಂದರೆ ನನ್ನ ಬಾಯಿ ಸ್ವಲ್ಪ ಜೋರು ಎಂದು ಊರವರು ಹೇಳುತ್ತಾರೆ. ಕೊನೆ ಮನೆಯಲ್ಲಿ ಸಂಸಾರ ಮಾಡಿ ನೋಡಲಿ, ಆಮೇಲೆ ಹೇಳಲಿ.

ಆ ಸೆಲೆಯನ್ನು ಕಂಡು, ಮೊದಲು ಅಡಕೆ ಮರ ಸೀಳಿದ ದಬ್ಬೆಗಳನ್ನು ಕಾಲುವೆಯಂತೆ ಜೋಡಿಸಿ ನೀರು ಇಳಿಸಿದವನು ಕಮಲಕ್ಕನ ಗಂಡ ಜಟ್ಟಪ್ಪ. ಕಮಲಕ್ಕ ಅಡ್ಡಗದ್ದೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಹೆಂಗಸರೆಲ್ಲ ಕೆಳಗಿನ ಹಳ್ಳಕ್ಕೆ ಇಳಿದು ಕೊಡ ಹೊರಬೇಕಿತ್ತಂತೆ. ಒಂದು ಸಲ ಬಸುರಿಯಾಗಿದ್ದಾಗ ತುಂಬಿದ ಕೊಡದ ಜೊತೆ ಜಾರಿ ಬಿದ್ದಳು. ಆ ಕೂಸು ಉಳಿಯಲಿಲ್ಲ. ಆಮೇಲೆ ಮಕ್ಕಳಾಗಲೂ ಇಲ್ಲ. ಜಟ್ಟಪ್ಪ ಆ ದುಃಖದಲ್ಲೇ ಗುಡ್ಡ ಹತ್ತಿದವನು, ವಾರಗಟ್ಟಲೆ ಅಲೆದು, ಕಲ್ಲಿನ ಸಂದಿಯಲ್ಲಿ ಬೇಸಿಗೆಗೂ ಬತ್ತದ ಸೆಲೆ ಹುಡುಕಿ ನೀರನ್ನು ಹೆಂಡತಿಯ ಬಚ್ಚಲಿಗೇ ತಂದ. ಊರಿಗೆ ಪೈಪು ಆಮೇಲೆ ಬಂತು. ಈಗ ಜಟ್ಟಪ್ಪನ ಕಾಲು ಸೊಟ್ಟ. ಅಡಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದಿದ್ದ. ಅಂದಿನಿಂದ ಅಬ್ಬಿಗೆ ಹೋಗುವುದು ಕಮಲಕ್ಕನ ಪಾಲಿಗೆ ಬಂದಿದೆ. ಬೆಳಿಗ್ಗೆ ತಿಂಡಿ ಮುಗಿಸಿ ಹತ್ತುತ್ತಾಳೆ, ಪೈಪಿನ ಬಾಯಿಗೆ ಕಟ್ಟಿದ ಜಾಳಿಗೆಯಲ್ಲಿ ಸಿಕ್ಕಿಕೊಂಡ ಎಲೆ ಕಿತ್ತು, ಅಂಗೈಯಿಂದ ಒಂದು ಸಲ ತಟ್ಟಿ ಇಳಿಯುತ್ತಾಳೆ. ಇಳಿಯುವಾಗ ದಾರಿ ಗುಡಿಸುತ್ತಾಳೆ. ಗುಡ್ಡದ ದಾರಿಯನ್ನು ಯಾಕಕ್ಕ ಗುಡಿಸುವುದು ಎಂದು ಕೇಳಿದರೆ, “ನಡೆಯೋ ದಾರಿ ಅಲ್ಲನಾ” ಅನ್ನುತ್ತಾಳೆ.

ಹೋದ ವರ್ಷ ಈ ಗುಡ್ಡದ ಹೊಟ್ಟೆಯಲ್ಲಿ ಅದಿರು ಇದೆ ಎಂಬ ಸುದ್ದಿ ಹುಟ್ಟಿತು. ಯಾವುದೋ ಕಂಪನಿ ಅರ್ಜಿ ಹಾಕಿದೆಯಂತೆ, ಗಣಿ ಬರುತ್ತದಂತೆ. ಊರಲ್ಲಿ ಎರಡು ಮಾತಾಯಿತು. ಮೂರನೇ ಮನೆಯ ಲೋಕೇಶ ಆಗಲೇ ಟಿಪ್ಪರ್ ಲಾರಿಯ ಬೆಲೆ ವಿಚಾರಿಸಲು ಶುರು ಮಾಡಿದ. ಅವನನ್ನು ನಾನು ಬಯ್ಯುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಕೆಲಸವಿಲ್ಲದೆ ಕೂತವನಿಗೆ ಲಾರಿಯ ಕನಸು ಬೀಳದೆ ಇನ್ನೇನು ಬೀಳುತ್ತದೆ. ಕಮಲಕ್ಕ ಮಾತ್ರ ಸಿಕ್ಕವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು. “ಗುಡ್ಡ ಅಗೆದ್ರೆ ಅಬ್ಬಿ ಎಂತ ಆಗ್ತದೆ?” ಪಂಚಾಯ್ತಿ ಮೆಂಬರು ಯಜ್ಞೇಶನನ್ನೂ ಕೇಳಿದಳು. “ಬೋರ್ ಹಾಕಿಸಿ ಕೊಡ್ತಾರೆ ಬಿಡೇ” ಎಂದ ಅವನು. ಬೋರು ಎಂದರೆ ಮೋಟರು, ಮೋಟರು ಎಂದರೆ ಕರೆಂಟು. ನಮ್ಮಲ್ಲಿ ಕರೆಂಟು ಹೇಗೆ ಬರುತ್ತದೆ ಹೇಗೆ ಹೋಗುತ್ತದೆ ಎನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ದರಗಿನ ಕೆಲಸ ಮುಗಿಯುತ್ತ ಬಂದಿದ್ದ ಹೊತ್ತಿಗೆ ಯಜ್ಞೇಶನ ಫೋನು ಬಂತು. ಗಣಿಯ ಮೊದಲು ಗುಡ್ಡ ನೋಡಲು ಜನ ಬರುತ್ತಾರೆ, ಎರಡು ದಿನ ನಿನ್ನ ಜೀಪು ಬೇಕು, ಊರಲ್ಲಿ ಎಲ್ಲರಿಗೂ ಹೇಳಿಬಿಡು ಎಂದ. ನಾನು ಹೇಳಿದೆ. ಐದು ಮನೆಯವರು ಹೂಂ ಎಂದು ತಮ್ಮ ಕೆಲಸ ನೋಡಿಕೊಂಡರು. ಕಮಲಕ್ಕ ಹೊಸ ಪೊರಕೆ ಕಟ್ಟಿದಳು.

ಅವಳ ಲೆಕ್ಕ ಹೀಗಿತ್ತು. ಬರುವವರು ಗುಡ್ಡ ನೋಡುತ್ತಾರೆ. ದಾರಿ ತುಂಬ ಕಸ, ಕೊಳೆತ ಎಲೆ, ಸಗಣಿ ಬಿದ್ದಿದ್ದರೆ ಇದು ಹೇಳುವವರು ಕೇಳುವವರು ಇಲ್ಲದ ಜಾಗ, ಅಗೆದರೆ ಅಗೆಯಲಿ ಎಂದುಕೊಳ್ಳುತ್ತಾರೆ. ಚೊಕ್ಕಟವಾಗಿದ್ದರೆ ಇಲ್ಲಿ ಮನುಷ್ಯರಿದ್ದಾರೆ, ಇಷ್ಟು ಜೋಪಾನ ಮಾಡಿದ್ದಾರೆ, ಕೈ ಹಾಕುವುದು ಬೇಡ ಎಂದು ತೋರುತ್ತದೆ. ನನಗೂ ಆಗ ಅದು ಸರಿ ಎಂದೇ ಕಂಡಿತು.

ಬಂದವರು ಇಬ್ಬರು. ಚೇತನಾ ಎಂಬ ಹುಡುಗಿ, ಮುತ್ತಿನಕೊಪ್ಪದವಳು, ಕಾಡುಪ್ರಾಣಿಗಳ ವಿಷಯ ಓದಿದವಳು. ಜೊತೆಗೆ ಕ್ಯಾಮೆರಾ ಹೊತ್ತ ಈಶಾನ ಎಂಬ ಹುಡುಗ, ಮಾತು ಬಹಳ ಕಡಿಮೆ. ಜೀಪಿನಲ್ಲಿ ಬರುವಾಗ ನಾನು ನೀವು ಕಂಪನಿಯವರಾ, ಸರ್ಕಾರದವರಾ ಎಂದು ಕೇಳಿದೆ.

“ಎರಡೂ ಅಲ್ಲ ಅಣ್ಣ. ಕಂಪನಿಯಿಂದ ದುಡ್ಡು ಬರ್ತದೆ, ವರದಿ ಸರ್ಕಾರಕ್ಕೆ ಹೋಗ್ತದೆ, ನಡುವೆ ನಡೆಯೋದು ನಾವು” ಎಂದಳು ಚೇತನಾ. “ಅಗೆಯೋದಕ್ಕೆ ಮುಂಚೆ ಇಲ್ಲಿ ಎಂತೆಂಥ ಜೀವ ಇದಾವೆ ಅಂತ ಬರೆದಿಡಬೇಕು. ಇವತ್ತು ಬರೀದೇ ಇದ್ರೆ, ನಾಳೆ ಹೋಯ್ತು ಅನ್ನೋಕೆ ಇತ್ತು ಅನ್ನೋದೇ ಇರಲ್ಲ.”

ಈ ಮಾತು ನನಗೆ ಹಿಡಿಸಿತು. ಗುರುತು ಮಾಡಿದ ಒಂದು ದಾರಿಯಲ್ಲಿ ನಡೆಯುತ್ತ, ಕಣ್ಣಿಗೆ ಬಿದ್ದ ಹೆಜ್ಜೆ, ಹಿಕ್ಕೆ, ಸಗಣಿ, ಕೆರೆದ ಮರ ಎಲ್ಲವನ್ನೂ ಬರೆದುಕೊಂಡು ಹೋಗುವುದು ಅವರ ಕೆಲಸ. ಗುರುತು ಸಿಕ್ಕ ಕಡೆ ಆಮೇಲೆ ಕ್ಯಾಮೆರಾ ಕಟ್ಟುತ್ತಾರೆ. ಗುರುತೇ ಇಲ್ಲದ ಕಡೆ ಕಟ್ಟುವುದಿಲ್ಲ. ನಮ್ಮ ಗುಡ್ಡದ ಬದಿಗಳು ಕಡಿದಾಗಿ ಇಳಿಯುವುದರಿಂದ ಅವರ ನಕ್ಷೆಯಲ್ಲಿ ಇದ್ದ ದಾರಿ ಒಂದೇ, ಅದು ಕಮಲಕ್ಕನ ದಾರಿ.

ಕಮಲಕ್ಕ ಒಗೆದ ಸೀರೆ ಉಟ್ಟು ಮನೆಯ ಹಿಂದೆ ಕಾದು ನಿಂತಿದ್ದಳು. “ಬಾ ಮಗಾ” ಎಂದು ಚೇತನಾಳನ್ನು ಕರೆದುಕೊಂಡು ಮುಂದೆ ನಡೆದಳು. ನಾನು ಚೀಲ ಹೊತ್ತು ಹಿಂದೆ. ಆ ದಾರಿಯನ್ನು ಕಂಡು ನನಗೇ ಗಾಬರಿಯಾಯಿತು. ಒಂದು ಎಲೆ ಇರಲಿಲ್ಲ. ಇಕ್ಕೆಲದ ಪೊದೆ ಸವರಿದ್ದಳು. ತಲೆಗೆ ತಾಗುವ ಜೇಡರ ಬಲೆಯನ್ನೂ ಕೋಲಿನಿಂದ ತೆಗೆದಿದ್ದಳು. ಕೆಂಪು ಮಣ್ಣಿನ ಮೇಲೆ ಪೊರಕೆಯ ಗೀರು ಬಿಟ್ಟರೆ ಏನೂ ಇರಲಿಲ್ಲ. ಆ ದಾರಿ ಅಬ್ಬಿಯವರೆಗೂ ಹಾಗೆಯೇ ಇತ್ತು. ಅಬ್ಬಿ ದಾಟಿ ಗುಡ್ಡದ ನೆತ್ತಿಯವರೆಗೂ, ಅವಳು ಯಾವತ್ತೂ ಹೋಗದ ಕಡೆಗೂ, ಗುಡಿಸಿಟ್ಟಿದ್ದಳು.

ಚೇತನಾ ಬಗ್ಗಿ ಬಗ್ಗಿ ನೋಡುತ್ತ ಹತ್ತಿದಳು. ಅವಳ ಕೈಯಲ್ಲಿದ್ದ ಹಾಳೆ ಖಾಲಿಯಾಗಿಯೇ ಇತ್ತು. ಮೊದಮೊದಲು ಈಶಾನನ ಕಡೆ ನೋಡುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ನೆತ್ತಿ ಮುಟ್ಟಿ, ತಿರುಗಿ ಇಳಿದು, ಅಬ್ಬಿಯ ಹತ್ತಿರ ಕೂತು ಕಮಲಕ್ಕ ತಂದ ಕಾಫಿ ಕುಡಿಯುವಾಗ ಅವಳ ಮುಖದಲ್ಲಿ ಗೆಲುವೇ ಇರಲಿಲ್ಲ.

“ದಾರಿ ಹೆಂಗಿತ್ತು ಮಗಾ?” ಎಂದಳು ಕಮಲಕ್ಕ. ಹೊಗಳಿಕೆಗೆ ಕಾದ ದನಿ ಅದು.

“ಬಹಳ ಚೆನ್ನಾಗಿದೆ ಅಮ್ಮ. ಯಾರು ಗುಡಿಸೋದು?”

“ನಾನೇ. ಇದೊಂದು ಸಲ ಸ್ವಲ್ಪ ಜಾಸ್ತಿ ಗುಡಿಸ್ದೆ. ಕಾಟಿ ಸಗಣಿ ದಾರಿ ತುಂಬ ಬಿದ್ದಿತ್ತು, ಎಲ್ಲ ಬುಟ್ಟೀಲಿ ಹೊತ್ತು ಗೊಬ್ಬರದ ಗುಂಡಿಗೆ ಹಾಕ್ದೆ. ಮುಳ್ಳುಹಂದಿ ಮುಳ್ಳು ಎಷ್ಟಿತ್ತು ಅಂತೀ. ಕಾಲಿಗೆ ಚುಚ್ಚಿದ್ರೆ ಕಷ್ಟ ಅಂತ ಆರಿಸಿ ಮನೆ ಮಾಡಿನ ಸಂದೀಲಿ ಸಿಕ್ಕಿಸಿದೀನಿ. ಪುನುಗಿನ ಬೆಕ್ಕು ಕಲ್ಲಿನ ಮೇಲೆಲ್ಲ ಹೇತಿಟ್ಟಿರ್ತದೆ, ಅದನ್ನ ನೀರು ಹಾಕಿ ತೊಳ್ದೆ.”

ಚೇತನಾ ಲೋಟ ಕೆಳಗಿಟ್ಟಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಈಶಾನ ಮಾತ್ರ ಆ ಕಡೆ ತಿರುಗಿಕೊಂಡು ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು.

ಆಮೇಲೆ ಆ ಹುಡುಗಿ ತಾಳ್ಮೆಯಿಂದ ಎಲ್ಲ ಬಿಡಿಸಿ ಹೇಳಿದಳು. ತಾವು ಹುಡುಕಲು ಬಂದದ್ದು ನಾವು ಕಾಟಿ ಅನ್ನುವ ಕಾಡುಕೋಣದ ಅದೇ ಸಗಣಿಯನ್ನು, ಅದೇ ಮುಳ್ಳನ್ನು. ಇವತ್ತಿನ ಹಾಳೆಯಲ್ಲಿ ಕಾಡುಪ್ರಾಣಿ ಎಂಬಲ್ಲಿ ಬರೆಯಲು ಏನೂ ಇಲ್ಲ. ಕೆಳಗೆ ಮನುಷ್ಯರ ಓಡಾಟದ ಗುರುತು ಎಂದು ಒಂದು ಸಾಲಿದೆ. ಅಲ್ಲಿ ಮಾತ್ರ ಬಹಳ ಎಂದು ಬರೆಯಬೇಕು. ಅಷ್ಟೂ ದೊಡ್ಡ ಗುಡ್ಡದಲ್ಲಿ ಅವರಿಗೆ ಗುರುತು ಸಿಕ್ಕ ಏಕೈಕ ಜೀವ ಕಮಲಕ್ಕ.

“ಹಂಗಾದ್ರೆ ಎಂತ ಆಗ್ತದೆ?” ಎಂದಳು ಕಮಲಕ್ಕ.

“ಇಲ್ಲಿ ಏನೂ ಇಲ್ಲ ಅಂತಾಗ್ತದೆ. ಏನೂ ಇಲ್ಲದ ಗುಡ್ಡ ಅಗೆಯೋಕೆ ಅಡ್ಡಿ ಕಡಿಮೆ.”

ಕಮಲಕ್ಕ ಎದ್ದು ಹೋಗಿ ಪೈಪಿನ ಬಾಯಿಯ ಹತ್ತಿರ ಕೂತಳು. ಜಾಳಿಗೆಯಲ್ಲಿ ಎಲೆಯೇನೂ ಸಿಕ್ಕಿರಲಿಲ್ಲ. ಆದರೂ ಅದನ್ನು ತಡವುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಅದನ್ನು ಹಾಗೆಯೇ ನುಂಗಿಕೊಂಡೆ. ಗಂಡ ಗುಡ್ಡ ಅಲೆದು ಹುಡುಕಿ ಕೊಟ್ಟ ನೀರನ್ನು ತನ್ನ ಕೈಯಾರೆ ಗುಡಿಸಿ ಹಾಕಿದೆ ಎಂದು ಅವಳಿಗೆ ಅನ್ನಿಸಿತ್ತು.

ಆದರೆ ಕಮಲಕ್ಕ ಸುಮ್ಮನೆ ಕೂರುವ ಜನ ಅಲ್ಲ. ಮಧ್ಯಾಹ್ನ ಊಟವಾಗಿ ನಾವು ಜೀಪಿನ ಹತ್ತಿರ ಬರುವಷ್ಟರಲ್ಲಿ ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ಮತ್ತೆ ಗುಡ್ಡದ ಬುಡಕ್ಕೆ ಹೊರಟಿದ್ದಳು. ಬುಟ್ಟಿಯಲ್ಲಿ ಕಾಟಿಯ ಸಗಣಿ, ಅದರ ಮೇಲೆ ಮುಳ್ಳುಹಂದಿಯ ಮುಳ್ಳಿನ ಕಟ್ಟು. ಸೊಟ್ಟ ಕಾಲಿನ ಜಟ್ಟಪ್ಪ ಹಿಂದಿನಿಂದ ಕೋಲೂರಿಕೊಂಡು, ಯಾವುದು ಎಲ್ಲಿ ಬಿದ್ದಿತ್ತು ನೆನಪಿದೆಯೇನೇ ಎಂದು ಕೇಳುತ್ತಿದ್ದ.

“ಎಲ್ಲಿಗೆ ಮಾರಾಯ್ತಿ?” ಎಂದೆ.

“ಇದ್ದಲ್ಲೇ ಇಟ್ಟು ಬತ್ತೇನೆ. ನಾಳೆ ಮತ್ತೆ ನೋಡ್ಲಿ.”

ಚೇತನಾ ಓಡಿ ಹೋಗಿ ದಾರಿಗೆ ಅಡ್ಡ ನಿಂತಳು. ಆ ಹುಡುಗಿ ದನಿ ಗಟ್ಟಿ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. “ಬೇಡ ಅಮ್ಮ. ಒಂದೇ ಒಂದು ಗುರುತು ತಂದು ಇಟ್ಟದ್ದು ಅಂತ ಗೊತ್ತಾದ್ರೆ ನಾನು ಬರೆದದ್ದೆಲ್ಲ ಸುಳ್ಳಾಗ್ತದೆ. ಈ ಗುಡ್ಡ ಮಾತ್ರ ಅಲ್ಲ, ನಾವು ನಡೆದ ಎಲ್ಲಾ ಗುಡ್ಡದ್ದೂ. ಇದ್ದದ್ದನ್ನ ಇದ್ದಲ್ಲೇ ನೋಡಿದ್ರೆ ಮಾತ್ರ ನಾನು ಬರೀಬಹುದು. ತಂದಿಟ್ಟದ್ದನ್ನ ಬರೆಯೋ ಹಾಗಿಲ್ಲ.”

ಕಮಲಕ್ಕ ಬುಟ್ಟಿಯನ್ನು ಇಳಿಸಲಿಲ್ಲ, ಮುಂದೆಯೂ ಹೋಗಲಿಲ್ಲ. “ನಾನು ಸುಳ್ಳು ಹೇಳ್ತಿಲ್ಲ ಮಗಾ. ಇದು ಅಲ್ಲೇ ಇದ್ದದ್ದು.”

“ನಂಗೆ ಗೊತ್ತು. ಆದ್ರೂ ಬರಿಯೋಕಾಗಲ್ಲ.” ಚೇತನಾ ಹೇಳಿದಳು, “ಮಳೆ ಮುಗಿದ ಮೇಲೆ ಇನ್ನೊಂದು ಸಲ ಬರ್ತೀವಿ. ಇದೇ ದಾರಿ. ಅಲ್ಲಿತನಕ ಗುಡಿಸ್ಬೇಡಿ. ಅದೊಂದು ಮಾಡಿ ಸಾಕು.”

ಅದೊಂದು ಎಂದರೆ ಕಮಲಕ್ಕನಿಗೆ ಎಂಥ ಶಿಕ್ಷೆ ಎಂದು ಮುತ್ತಿನಕೊಪ್ಪದ ಹುಡುಗಿಗೆ ಹೇಗೆ ಗೊತ್ತಾಗಬೇಕು. ಮರುದಿನದಿಂದ ಕಮಲಕ್ಕನ ಅಂಗಳ ದಿನಕ್ಕೆ ಮೂರು ಸಲ ಗುಡಿಸಿಕೊಂಡಿತು. ಅಂಗಳ ಮುಗಿದರೆ ರಸ್ತೆ, ರಸ್ತೆ ಮುಗಿದರೆ ನನ್ನ ಜೀಪು ನಿಲ್ಲುವ ಜಾಗ. ಒಂದು ದಿನ ಜೀಪಿನ ಒಳಗೂ ಗುಡಿಸಿದ್ದಳು. ಸೀಟಿನ ಅಡಿ ಕಳೆದುಹೋಗಿದ್ದ ನನ್ನ ಸ್ಪ್ಯಾನರು ಸಿಕ್ಕಿತು. ಆ ಒಂದು ಉಪಕಾರ ಮರೆಯಬಾರದು.

ಗುಡ್ಡದ ದಾರಿಗೆ ಮಾತ್ರ ಅವಳು ಕಾಲಿಡಲಿಲ್ಲ. ಗುಡಿಸುವುದು ಬೇಡ ಎಂದರೆ ಇವಳು ನಡೆಯುವುದೂ ಬೇಡ ಎಂದುಕೊಂಡಳು. ತನ್ನ ವಾಸನೆ ಇದ್ದರೆ ಕಾಟಿ ದಾರಿ ಬಿಟ್ಟು ಹೋದೀತು ಎಂಬ ಭಯ. ನಮ್ಮವರಿಗೆ ದನ ಹೊಡೆದುಕೊಂಡು ಹೋಗಬೇಡಿ, ಸೌದೆಗೆ ಹೋಗಬೇಡಿ ಎಂದು ಮನೆ ಮನೆಗೆ ಹೋಗಿ ಹೇಳಿದಳು. ಪೈಪಿನ ಬಾಯಿ ಬಿಡಿಸಲು ತಾನು ಅಬ್ಬಿಯಿಂದ ಇಳಿದು ಬರುವ ಹಳ್ಳದ ಒಳಗಿಂದ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಡುತ್ತ ಹತ್ತುತ್ತಿದ್ದಳು. ಅದು ದುಪ್ಪಟ್ಟು ದೂರ, ನಾಲ್ಕು ಪಟ್ಟು ಕಷ್ಟ. ಪೈಪಿನ ಬಾಯಿ ಕಂಡರೆ ಪ್ರಾಣಿ ಬೆದರುತ್ತದೆ ಎಂದು ಅದರ ಸುತ್ತ ಚಪ್ಪಡಿ ಜೋಡಿಸಿ, ಮೇಲೆ ಜರಿಗಿಡ ನೆಟ್ಟು, ಅಲ್ಲೊಂದು ಪೈಪು ಇದೆ ಎಂದು ನೆಟ್ಟವಳಿಗೇ ಗೊತ್ತಾಗದ ಹಾಗೆ ಮಾಡಿದಳು. ಮಾಡಿದರೆ ಪೂರ್ತಿ ಮಾಡುವವಳು ಅವಳು.

ಮಳೆ ಹಿಡಿಯಿತು. ಹಳ್ಳ ತುಂಬಿ ಬಂದರೆ ಹತ್ತುವುದು ಹೇಗೆ. ಎಲೆ ಕಟ್ಟಿಕೊಂಡು ಜಾಳಿಗೆ ಮುಚ್ಚಿತು. ಹೊರಗೆ ಆಕಾಶ ಹರಿದು ಸುರಿಯುತ್ತಿದ್ದರೆ ನಮ್ಮ ನಲ್ಲಿಯಲ್ಲಿ ಬರೀ ಗಾಳಿ. ಕೊನೆ ಮನೆಯ ಗತಿ ಕೇಳುವುದೇ ಬೇಡ. ಮಾಡಿನ ಕೆಳಗೆ ಬಕೆಟ್ಟು, ಪಾತ್ರೆ, ಕೊನೆಗೆ ಒಲೆಯ ಮೇಲಿನ ಹಂಡೆಯನ್ನೂ ಇಳಿಸಿ ಇಟ್ಟು ನೀರು ಹಿಡಿದೆವು. ಮೂರನೆಯ ವಾರ ನನಗೆ ತಡೆಯಲಾಗಲಿಲ್ಲ. ಕೊಡೆ ಹಿಡಿದು ಅವಳ ಮನೆಗೆ ಹೋದೆ.

“ಎಂತ ಹುಚ್ಚು ಇದು ಕಮಲಕ್ಕ. ದಾರಿ ಇದ್ದೂ ದಾರೀಲಿ ಹೋಗಲ್ಲ ಅಂತೀಯಲ್ಲ. ಆ ಹುಡುಗಿ ಗುಡಿಸ್ಬೇಡ ಅಂದ್ಳು, ನಡೀಬೇಡ ಅಂದ್ಳನಾ? ನೀರು ಉಳಿಸ್ತೀನಿ ಅಂತ ಹೋಗಿ ನಮ್ಮ ಗಂಟಲು ಒಣಗಿಸ್ತಿದೀಯ.”

ಅವಳು ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಳು. ಮೊಣಕಾಲು ಊದಿ ದಪ್ಪಗಾಗಿತ್ತು. ಹಿಂದಿನ ದಿನ ಹಳ್ಳದ ಕಲ್ಲಿನ ಮೇಲೆ ಜಾರಿ ಬಿದ್ದಿದ್ದಳಂತೆ. ಜಟ್ಟಪ್ಪ ಪಕ್ಕದಲ್ಲಿ ಕೂತು ಎಣ್ಣೆ ಹಚ್ಚಿ ತಿಕ್ಕುತ್ತಿದ್ದ.

“ಬೈಯಪ್ಪ, ಬೈಸ್ಕಳ್ಳೋ ಹಂಗೇ ಮಾಡಿದೀನಿ” ಎಂದಳು. “ನನ್ನ ಕೂಸು ಹೋದದ್ದು ನೀರು ಹೊರೋಕೆ ಹೋಗಿ. ಈ ನೀರು ಹೋದ್ರೆ ಇನ್ನೊಂದ್ಸಲ ಹಳ್ಳಕ್ಕೆ ಇಳಿದು ಕೊಡ ಹೊರೋ ಶಕ್ತಿ ನಂಗಿಲ್ಲ ರಾಜ. ಒಂದು ಮಳೆಗಾಲ ತಡ್ಕ.”

ನಾನು ತಡೆದುಕೊಂಡೆ. ತಡೆದುಕೊಳ್ಳದೆ ಇನ್ನೇನು ಮಾಡುತ್ತಿದ್ದೆ. ಮರುದಿನ ಲೋಕೇಶ ತಾನಾಗಿಯೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ನನ್ನನ್ನು ಹಗ್ಗದ ಇನ್ನೊಂದು ತುದಿಗೆ ನಿಲ್ಲಿಸಿ, ಹಳ್ಳದಲ್ಲಿ ಹತ್ತಿ ಎಲೆ ಬಿಡಿಸಿ ಬಂದ. ಟಿಪ್ಪರಿನ ಕನಸು ಕಾಣುವವನಿಗೂ ಬಾಯಾರಿಕೆ ಆಗುತ್ತದೆ. ಆ ಮಳೆಗಾಲವೆಲ್ಲ ನಾವಿಬ್ಬರೇ ಹೋದೆವು, ಹಳ್ಳದಿಂದಲೇ ಹೋದೆವು. ದಾರಿಯಲ್ಲಿ ಹೋಗೋಣ ಎಂದು ಇಬ್ಬರೂ ಬಾಯಿ ಬಿಡಲಿಲ್ಲ.

ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಚೇತನಾ, ಈಶಾನ ಮತ್ತೆ ಬಂದರು. ಕಮಲಕ್ಕ ಈ ಸಲ ಮುಂದೆ ನಡೆಯಲಿಲ್ಲ, ಎಲ್ಲರ ಹಿಂದೆ, ನನಗಿಂತಲೂ ಹಿಂದೆ ಬಂದಳು. ಮೊಣಕಾಲು ಇನ್ನೂ ಪೂರ್ತಿ ಬಗ್ಗುತ್ತಿರಲಿಲ್ಲ. ದಾರಿ ದಾರಿಯಾಗಿ ಉಳಿದಿರಲಿಲ್ಲ. ಮೊಣಕಾಲೆತ್ತರ ಹುಲ್ಲು, ಕೊಳೆತ ಎಲೆಯ ಹಾಸು, ಅಡ್ಡ ಬಿದ್ದ ಕೊಂಬೆ. ಕಮಲಕ್ಕನ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು. ಆ ಕಸ ನೋಡಿ ಅವಳಿಗೆ ಎಷ್ಟು ಸಂಕಟವಾಗುತ್ತಿದೆ ಎಂದು ನನಗೆ ಕಾಣುತ್ತಿತ್ತು.

ಮೊದಲ ತಿರುವಿನಲ್ಲೇ ಚೇತನಾ ಕೂತುಬಿಟ್ಟಳು. ಕಾಟಿಯ ಸಗಣಿ, ಒಂದು ಹಳೆಯದು, ಒಂದು ಅವತ್ತಿನದು. ಸ್ವಲ್ಪ ಮುಂದೆ ಮೆತ್ತನೆಯ ಮಣ್ಣಿನಲ್ಲಿ ಕಡವೆಯ ಗೊರಸು, ಪಕ್ಕದಲ್ಲಿ ಮರಿಯ ಗೊರಸು. ಮುಳ್ಳುಹಂದಿಯ ಮುಳ್ಳು ಬಿದ್ದಲ್ಲೇ ಬಿದ್ದಿತ್ತು. ಕಾಡುಕುರಿಯ ಹಿಕ್ಕೆ ಸಿಕ್ಕಿತು. ಕಲ್ಲಿನ ಮೇಲೆ ಪುನುಗಿನ ಬೆಕ್ಕು ತನ್ನ ಹಳೆಯ ಜಾಗಕ್ಕೆ ಮರಳಿತ್ತು. ನೆತ್ತಿಯ ಹತ್ತಿರ ಒಂದು ಕಡೆ ನೆಲ ಕೆರೆದದ್ದು ನೋಡಿ ಈಶಾನ ಬಾಯಿ ಬಿಟ್ಟ. “ಚಿರತೆ” ಎಂದ. ಎರಡು ಭೇಟಿಯಲ್ಲಿ ಅವನು ತಾನಾಗಿ ಆಡಿದ ಮಾತು ನನಗೆ ನೆನಪಿರುವುದು ಅದೊಂದೇ. ಚೇತನಾ ಬರೆದಳು, ಬರೆದಳು, ಹಾಳೆ ತಿರುಗಿಸಿ ಬರೆದಳು.

ಇಳಿಯುವಾಗ ಅಬ್ಬಿಯ ಹತ್ತಿರ ಕೂತೆವು. ಕಮಲಕ್ಕ ಕಾಫಿ ಬಗ್ಗಿಸಿ ಕೊಟ್ಟಳು. “ಓದಿ ಹೇಳು ಮಗಾ” ಎಂದಳು. ಚೇತನಾ ಸಂತೋಷದಿಂದ ಒಂದೊಂದಾಗಿ ಓದಿದಳು. ಪ್ರತಿ ಪ್ರಾಣಿಗೂ ಕಮಲಕ್ಕ ಹೂಂ ಹೂಂ ಎಂದು ತಲೆಯಾಡಿಸಿದಳು, ನೆಂಟರ ಮನೆಯ ಯೋಗಕ್ಷೇಮ ಕೇಳಿಸಿಕೊಳ್ಳುವವರ ಹಾಗೆ.

ಕೊನೆಯ ಸಾಲು ಚೇತನಾ ಓದಿದಳು. “ಮನುಷ್ಯರ ಓಡಾಟದ ಗುರುತು, ಇಲ್ಲ.”

ಕಮಲಕ್ಕ ಹೂಂ ಎನ್ನಲಿಲ್ಲ. “ಇಲ್ಲ ಅಂದ್ರೆ?”

“ಅದು ಒಳ್ಳೇದೇ ಅಮ್ಮ. ದಾರಿ ತುಂಬ ಹುಲ್ಲು ಬೆಳೆದಿದೆ. ಕಡಿದದ್ದಿಲ್ಲ, ಗುಡಿಸಿದ್ದಿಲ್ಲ. ಯಾರೂ ಬರಲ್ಲ ಅಂತ ಅರ್ಥ.”

“ಯಾರೂ ಬರಲ್ಲ” ಎಂದಳು ಕಮಲಕ್ಕ, ಮೆಲ್ಲಗೆ. ಆಮೇಲೆ ಸುತ್ತ ನೋಡಿದಳು. ಅವಳೇ ಮುಚ್ಚಿದ ಚಪ್ಪಡಿ, ಅವಳೇ ನೆಟ್ಟ ಜರಿಗಿಡ. ಮಳೆಗಾಲವೆಲ್ಲ ಹತ್ತಿ ಬಂದ ನನಗೂ ಪೈಪು ಎಲ್ಲಿದೆ ಎಂದು ಕಾಣಲಿಲ್ಲ. “ನಾಳೆ ಯಾರೋ ಆ ಕಾಗದ ಓದ್ತಾರೆ. ಅಲ್ಲಿ ಯಾರೂ ಬರಲ್ಲ, ನೀರು ಯಾರೂ ಕುಡಿಯಲ್ಲ, ನಿಂಗ್ಯಾಕೆ ಬೇಕು ಅಬ್ಬಿ ಅಂತಾರೆ. ಆಗ ನಾನು ಎಂತ ಹೇಳ್ಲಿ?”

ಅಲ್ಲಿದ್ದ ಯಾರೂ ಅದನ್ನು ಯೋಚಿಸಿರಲಿಲ್ಲ. ಚೇತನಾ ಪೆನ್ನಿನ ತುದಿಯನ್ನು ಆ ಕೊನೆಯ ಸಾಲಿನ ಮೇಲೆ ಇಟ್ಟಳು. “ನಾನು ಕಂಡದ್ದನ್ನೇ ಬರೀಬೇಕಮ್ಮ” ಎಂದಳು ಕೊನೆಗೆ.

ಕಮಲಕ್ಕ ಎದ್ದಳು. ಪಕ್ಕದ ಪೊದೆಯಿಂದ ನಾಲ್ಕಾರು ಕಡ್ಡಿ ಮುರಿದು, ಎಲೆ ಸವರಿ, ಒಂದು ಬಳ್ಳಿ ಕಿತ್ತು ಬಿಗಿದಳು. ಕಣ್ಣೆದುರಿಗೇ ಪೊರಕೆಯಾಯಿತು. ಬಗ್ಗದ ಮೊಣಕಾಲನ್ನು ನೇರ ಚಾಚಿ, ಸೊಂಟ ಬಗ್ಗಿಸಿ, ಅಬ್ಬಿಯ ಮುಂದಿನ ಎರಡು ಮಾರು ನೆಲವನ್ನು ಗುಡಿಸತೊಡಗಿದಳು. ಆರು ತಿಂಗಳಿನಿಂದ ಒಳಗೆ ಹಿಡಿದಿಟ್ಟದ್ದೆಲ್ಲ ಆ ಕೈಯಲ್ಲಿತ್ತು. ಎಲೆ ಸರಿದು ಕೆಂಪು ನೆಲ ಮೇಲೆ ಬಂತು. ಜರಿಗಿಡ ಕಿತ್ತಳು, ಚಪ್ಪಡಿ ಸರಿಸಿದಳು. ಪೈಪಿನ ಬಾಯಿ ಕಂಡಿತು. ಜಾಳಿಗೆಯ ಎಲೆ ಬಿಡಿಸಿ ಅಂಗೈಯಿಂದ ಒಂದು ಸಲ ತಟ್ಟಿದಳು.

“ಈಗ ಕಂಡ್ತಲ್ಲ, ಬರಿ” ಎಂದಳು.

ಚೇತನಾ ಕಷ್ಟಪಟ್ಟು ಹೇಳಿದಳು. “ಅಮ್ಮ, ಅವತ್ತೇ ಹೇಳಿದ್ನಲ್ಲ. ತಂದಿಟ್ಟ ಗುರುತು ಬರೆಯೋ ಹಾಗಿಲ್ಲ.”

“ಇದು ತಂದಿಟ್ಟದ್ದಲ್ಲ ಮಗಾ. ದಿನಾ ಇದ್ದದ್ದು ಇದು. ನೀ ಹೇಳಿದೀಯ ಅಂತ ಆರು ತಿಂಗಳು ತೆಗೆದಿಟ್ಟಿದ್ದೆ.”

ಚೇತನಾ ಆ ಗುಡಿಸಿದ ನೆಲವನ್ನು ನೋಡಿದಳು, ಪೈಪನ್ನು ನೋಡಿದಳು, ಕಮಲಕ್ಕನ ಮೊಣಕಾಲನ್ನು ನೋಡಿದಳು. ಹಿಂದಿನ ಸಲದ ಹಾಳೆಯನ್ನು ಚೀಲದಿಂದ ತೆಗೆದು ಈ ಸಲದ್ದರ ಪಕ್ಕ ಇಟ್ಟುಕೊಂಡಳು. ಅದರಲ್ಲಿ ಬಹಳ ಎಂದಿತ್ತು, ಇದರಲ್ಲಿ ಇಲ್ಲ ಎಂದಿತ್ತು. ‘ಇಲ್ಲ’ ಎಂಬುದನ್ನು ಒಂದು ಗೆರೆಯಿಂದ ಹೊಡೆದಳು. ಮೇಲೆ ಬರೆದು, ನಮಗೆ ಓದಿ ಹೇಳಿದಳು. ನೀರಿನ ಸೆಲೆ, ಕುಡಿಯುವ ನೀರಿನ ಪೈಪು, ಏಳು ಮನೆ. ಒಬ್ಬ ಹೆಂಗಸು ದಿನವೂ ಬಂದು ನೋಡಿಕೊಳ್ಳುತ್ತಾರೆ. ಸರ್ವೆಗೆಂದು ಆರು ತಿಂಗಳು ದಾರಿ ಬಿಟ್ಟಿದ್ದರು. ಕೆಳಗೆ ತನ್ನ ಸಹಿ ಹಾಕಿದಳು.

ಗಣಿ ಬರುತ್ತದೋ ಇಲ್ಲವೋ ಇವತ್ತಿಗೂ ನಮಗೆ ತಿಳಿದಿಲ್ಲ. ಎರಡು ಕ್ಯಾಮೆರಾ ಗುಡ್ಡದಲ್ಲಿ ಕಟ್ಟಿದ್ದಾರೆ. ಕಮಲಕ್ಕ ಈಗ ಅಬ್ಬಿಯ ಮುಂದಿನ ಎರಡು ಮಾರು ಮಾತ್ರ ಗುಡಿಸುತ್ತಾಳೆ, ಮಿಕ್ಕ ದಾರಿಯಲ್ಲಿ ಸಗಣಿಯನ್ನು ದಾಟಿಕೊಂಡು ಹತ್ತಿ ಇಳಿಯುತ್ತಾಳೆ. ನನ್ನ ನಲ್ಲಿಯಲ್ಲಿ ನೀರು ಬರುತ್ತಿದೆ, ಮೊದಲಿನಷ್ಟೇ ಸಣ್ಣಗೆ.

ಅವತ್ತು ಅಬ್ಬಿಯಿಂದ ಏಳುವ ಮುಂಚೆ ಕಮಲಕ್ಕ ಲೋಟ ತೊಳೆಯುತ್ತ ಕೇಳಿದಳು. “ನನ್ನ ಹೆಸರು ಹಾಕಿದೀಯನಾ?”

“ಹೆಸರು ಹಾಕೋ ಜಾಗ ಇದರಲ್ಲಿ ಇಲ್ಲ ಅಮ್ಮ” ಎಂದಳು ಚೇತನಾ, ಬೇಜಾರಿನಿಂದ.

ಕಮಲಕ್ಕ ಲೋಟದ ನೀರು ಕೊಡವಿ ಬುಟ್ಟಿಗೆ ಹಾಕಿಕೊಂಡಳು. “ಹೋಗ್ಲಿ ಬಿಡು” ಎಂದಳು. “ಬರೀ ಕಾಟಿ ಅಂತ ಬರ್ದಿದೀಯ, ಅದರ ಹೆಸರೂ ಹಾಕಿಲ್ವಲ್ಲ.”